ತಿಳಿಯದವಳ ಮುಖ

ಮೈದಾಹಿಟ್ಟಿನ ಅಂಟು ಕುದಿಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ಅವಳಿಗೆ ಏಳು ವರ್ಷವಾಗಿಬಿಡುತ್ತಿತ್ತು. ಸ್ವಲ್ಪ ಹುಳಿ, ಸ್ವಲ್ಪ ತಳ ಹಿಡಿದದ್ದು, ಅದರ ಹಿಂದೆ ಹಳೇ ಪೇಪರಿನ ಮಸಿ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ದಿನಸಿ ಅಂಗಡಿಗೆ ಪೇಪರಿನ ಚೀಲ ಅಂಟಿಸಿಕೊಡುತ್ತಿದ್ದಳು. ಕಟ್ಟು ಹೊತ್ತುಕೊಂಡು ಅಂಗಡಿಗೆ ಹೋಗುವಾಗ ಇವಳು ಜೊತೆಗಿರಲೇಬೇಕು. ಅಂಗಡಿಯವನದು ಪೇಟೆಮಾತು, ಅಮ್ಮನದು ಮನೆಮಾತೊಂದೇ. ‘ಈ ಮೂಗೆಮ್ಮೆಯನ್ನು ಕಟ್ಟಿಕೊಂಡು ವ್ಯಾಪಾರ ಮಾಡಬೇಕಲ್ಲ’ ಎಂದು ಅವನು ಒಂದು ಸಲ ತಕ್ಕಡಿಗೆ ಹೇಳುವವನಂತೆ ಹೇಳಿದ್ದ. ಏನಂತೆ, ಎಂದು ಅಮ್ಮ ಇವಳ ಮುಖ ನೋಡಿದಳು. ಅಂಟು ಗಟ್ಟಿಯಾಗಿದೆ ಅಂತಾರಮ್ಮ, ಎಂದಳು ಇವಳು. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ನಕ್ಕಳು. ಆ ನಗು ಇಷ್ಟು ವರ್ಷವಾದರೂ ಎಲ್ಲೋ ಅಂಟಿಕೊಂಡೇ ಇತ್ತು. ಇವತ್ತು ಬೆಳಿಗ್ಗೆ ಅಡುಗೆಯವಳು ಅಂಟಿನ ಪಾತ್ರೆಯನ್ನು ಮೇಜಿನ ಮೇಲೆ ತಂದಿಟ್ಟಾಗ ಆವಿಯ ಜೊತೆ ಅದೂ ಎದ್ದು ಬಂತು.

ಶುಕ್ರವಾರ ಕತ್ತರಿಸಿ ಅಂಟಿಸುವ ದಿನ. ಹದಿನಾರು ಮಕ್ಕಳು, ಮೊಣಕಾಲೆತ್ತರದ ನಾಲ್ಕು ಮೇಜು, ಒಂದೊಂದರ ಮೇಲೂ ಒಂದೊಂದು ದೊಡ್ಡ ಕಾಗದದ ಮೀನು. ಬಣ್ಣದ ಚೂರುಗಳನ್ನು ಹರಿದು ಮೀನಿಗೆ ಹುರುಪೆ ಹಚ್ಚಬೇಕು. ಅವಳು ಹಸಿರು ಏಪ್ರನ್ ಕಟ್ಟಿಕೊಂಡಿದ್ದಳು. ಹಸಿರು ಎಂದರೆ ಮನೆಮಾತು, ಹಳದಿ ಎಂದರೆ ಪೇಟೆಮಾತು. ಈ ಶಿಶುವಿಹಾರದ ನಿಯಮವೇ ಅದು: ಹಸಿರು ಟೀಚರಿಗೆ ಪೇಟೆಮಾತು ಬರುವುದಿಲ್ಲ, ಹಳದಿ ಟೀಚರಿಗೆ ಮನೆಮಾತು ಬರುವುದಿಲ್ಲ. ಇಬ್ಬರಿಗೂ ಎರಡೂ ಬರುತ್ತದೆ, ಆ ಮಾತು ಬೇರೆ; ಆದರೆ ಮಕ್ಕಳ ಕಣ್ಣೆದುರು ಬರಬಾರದು. ಬರುತ್ತದೆಂದು ಗೊತ್ತಾದರೆ ಮಕ್ಕಳು ಸುಲಭದ ದಾರಿ ಹಿಡಿಯುತ್ತಾರೆ, ಒಂದು ಭಾಷೆ ಮೂಲೆಗೆ ಬೀಳುತ್ತದೆ ಎಂಬುದು ತತ್ವ. ಹನ್ನೊಂದು ವರ್ಷ ಅವಳು ಆ ತತ್ವವನ್ನು ನಂಬಿ ದುಡಿದಿದ್ದಳು. ಅದರ ಫಲವನ್ನೂ ಕಂಡಿದ್ದಳು. ಮಗು ಪೇಟೆಮಾತಿನಲ್ಲಿ ಏನಾದರೂ ಕೇಳಿದರೆ ಹುಬ್ಬು ಎತ್ತಿ, ಎರಡೂ ಅಂಗೈ ಮೇಲೆ ಮಾಡಿ, ಕುತ್ತಿಗೆಯನ್ನು ಒಂದಿಷ್ಟು ಓರೆ ಮಾಡುವುದು: ‘ತಿಳೀಲಿಲ್ವಲ್ಲ ಕಂದಾ.’ ಆ ಮುಖ ಅವಳಿಗೆ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಹೊಸದಾಗಿ ಸೇರಿದವರನ್ನು ಮುಖ್ಯಸ್ಥೆ ಅವಳ ಕೋಣೆಗೆ ಕರೆತಂದು ‘ನೋಡಿ, ಹೀಗಿರಬೇಕು’ ಎನ್ನುತ್ತಿದ್ದರು. ಒಳಗೊಳಗೇ ಅವಳಿಗೆ ಜಂಬ. ಮಕ್ಕಳು ಅವಳನ್ನು ಹಸಿರಜ್ಜಿ ಎನ್ನುತ್ತಿದ್ದರು, ಚಿಕ್ಕ ವಯಸ್ಸಿನ ಜೊತೆಗಾತಿಯನ್ನು ಹಳದಕ್ಕ.

ಕಿಟಕಿಯ ಪಕ್ಕದ ಮೇಜಿನ ತುದಿಯಲ್ಲಿ ಸಾಸಿವೆ ಕೂತಿದ್ದಳು. ಐದು ವರ್ಷಕ್ಕೆ ತೀರ ಚಿಕ್ಕ ಆಳು ಎಂದು ಅಡುಗೆಯವಳು ಇಟ್ಟ ಹೆಸರು ಅದು. ಸಾಸಿವೆಯಷ್ಟೇ ಇದ್ದರೂ ಸಿಡಿದರೆ ಗೊತ್ತಾಗತ್ತೆ, ಎಂದು ಆಮೇಲೆ ಸೇರಿಸಿದ್ದಳು. ಈಗ ಸಿಡಿಯುತ್ತಿರಲಿಲ್ಲ. ಇವತ್ತಿಗೆ ಶಾಲೆಯ ಹತ್ತು ದಿನವಾಯಿತು, ಸಾಸಿವೆ ಯಾವ ಭಾಷೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಕೆಂಪು ಚೂರು ಹರಿಯುವುದು, ಬೆರಳ ತುದಿಯಿಂದ ಅಂಟು ಸವರುವುದು, ಒತ್ತುವುದು. ತಲೆ ಎತ್ತುವುದಿಲ್ಲ. ಹಸಿರಜ್ಜಿ ಹತ್ತಿರ ಬಂದರೆ ಮೀನನ್ನು ಒಂದು ಗೇಣು ಆಚೆಗೆ ಎಳೆದುಕೊಳ್ಳುತ್ತಿದ್ದಳು, ಅಷ್ಟೇ.

ಬೆಳಿಗ್ಗೆ ಅವಳನ್ನು ಬಿಡಲು ಬಂದ ಅಪ್ಪ ಬಾಗಿಲಲ್ಲೇ ನಿಂತಿದ್ದ. ಲಿಫ್ಟ್ ರಿಪೇರಿಯ ಕೆಲಸ. ಉಗುರಿನ ಸಂದಿಯಲ್ಲಿ ಗ್ರೀಸು, ಹೆಗಲಿಗೆ ಸಲಕರಣೆಯ ಚೀಲ. ‘ಡಾಕ್ಟರು ಹೇಳಿದ್ರು ಟೀಚರ್, ಎರಡೆರಡು ಭಾಷೆ ಭಾರ ಆಗಿದೆಯಂತೆ ಮಗೂಗೆ. ಒಂದನ್ನ ನಿಲ್ಲಿಸಿ ಅಂದ್ರು. ಪೇಟೆಮಾತು ಬಿಟ್ರೆ ನಾಳೆ ಬದುಕೋದು ಹೇಗೆ? ಹಂಗಾಗಿ ಮನೇದು ನಿಲ್ಲಿಸೋಣ ಅಂತ.’ ಮತ್ತೆ ಮನೇಲಿ ಅಜ್ಜಿ ಇದ್ದಾರಲ್ಲ, ಎಂದು ಇವಳು ಕೇಳಿದಳು. ಅಜ್ಜಿಗೆ ಪೇಟೆಮಾತಿನ ಒಂದು ಅಕ್ಷರವೂ ಬಾರದು ಎಂದು ಸಾಸಿವೆಯೇ ಯಾವತ್ತೋ ಹೇಳಿದ್ದಳು: ‘ನಮ್ಮಜ್ಜೀನೂ ನಿಮ್ ಥರಾನೇ, ಪಾಪ.’ ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ‘ಅಮ್ಮನ್ನ ಸೋಮವಾರ ಅಣ್ಣನ ಮನೆಗೆ ಬಿಟ್ಟು ಬರ್ತೀನಿ. ಒಂದಾರು ತಿಂಗಳು. ಈಗ ಇವಳು ಮಾತಾಡೋದು ಅಂದ್ರೆ ರಾತ್ರಿ ಮಲಗುವಾಗ ಅವರ ಕಿವೀಲಿ ಏನೋ ಪಿಸಪಿಸ ಅನ್ನೋದೊಂದೇ. ಅವರಿಗೋ ಆ ಕಿವಿ ಕೇಳಲ್ಲ.’ ಹೇಳಿ ನಗಲು ನೋಡಿದ, ಆಗಲಿಲ್ಲ. ನಾನು ಒಂದು ಮಾತು ಹೇಳಬೇಕಿತ್ತು, ಎಂದಳು ಇವಳು. ಅವನು ಗಡಿಯಾರ ನೋಡಿದ. ‘ಮಧ್ಯಾಹ್ನ ಕರ್ಕೊಂಡು ಹೋಗೋಕೆ ಬರ್ತೀನಲ್ಲ, ಆಗ ಫಾರಂ ಕೊಡಿ ಸಾಕು. ಆಸ್ಪತ್ರೆ ಲಿಫ್ಟ್ ನಿಂತು ಕೂತಿದೆ, ಒಳಗೆ ಯಾರೋ ಇದಾರಂತೆ.’ ಓಡಿಯೇ ಹೋದ. ಒಳಗೆ ಯಾರೋ ಇರುವಾಗ ಯಾರನ್ನು ನಿಲ್ಲಿಸಿಕೊಳ್ಳುವುದು?

ಹೇಳಬೇಕಾದದ್ದು ಒಂದೇ ಮಾತು, ಆದರೆ ಅದಕ್ಕೆ ಬಾಲ ಉದ್ದ. ಜೂನಿನಿಂದಲೂ ಸಾಸಿವೆ ಇವಳನ್ನು ಸಾಕುತ್ತಿದ್ದಳು. ಬೇರೆ ಶಬ್ದ ಇಲ್ಲ ಅದಕ್ಕೆ. ಹಳದಕ್ಕ ಕಥೆ ಹೇಳುವಾಗ ಬಂದು ಪಕ್ಕದಲ್ಲಿ ಕೂತು, ಬಿಸಿ ಉಸಿರು ಕಿವಿಗೆ ತಾಗುವಂತೆ, ಮನೆಮಾತಿನಲ್ಲಿ: ‘ನರಿ ಬಾವೀಲಿ ಬಿತ್ತಂತೆ. ಹೆದ್ರಬೇಡಿ, ಆಮೇಲೆ ಹೊರಗೆ ಬರತ್ತೆ, ನಂಗೊತ್ತು.’ ಬೆಂಕಿ ಗಂಟೆಯ ಅಭ್ಯಾಸದ ದಿನ ಎಲ್ಲರೂ ಅಂಗಳಕ್ಕೆ ಓಡಿದರೆ ಇವಳ ಕಿರುಬೆರಳು ಹಿಡಿದು, ‘ಬನ್ನಿ, ಹೊರಗೆ ಹೋಗ್ಬೇಕಂತೆ. ನಿಜದ ಬೆಂಕಿ ಅಲ್ಲ.’ ಊಟದ ಸಾಲಿನಲ್ಲಿ ಹಸಿರಜ್ಜಿ ಬಟಾಣಿಯನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳುವುದನ್ನು ಎರಡು ದಿನ ನೋಡಿ, ಮೂರನೇ ದಿನ ಅಡುಗೆಯವಳ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು ಪೇಟೆಮಾತಿನಲ್ಲಿ ಹೇಳಿದ್ದಳು: ‘ಇವರಿಗೆ ಬಟಾಣಿ ಆಗಲ್ಲ. ಹೇಳೋಕೆ ಬರಲ್ಲ ಪಾಪ, ಅದಕ್ಕೆ ಸುಮ್ಮನಿದಾರೆ.’ ಅಡುಗೆಯವಳು ಸೌಟಿನ ಹಿಂದೆ ಮುಖ ಮರೆಸಿಕೊಂಡು ನಕ್ಕಿದ್ದಳು. ಇವಳು ಆ ತಿಳಿಯದವಳ ಮುಖ ಹಾಕಿಕೊಂಡೇ ನಿಂತಿದ್ದಳು, ಒಳಗೆ ಏನೋ ಕರಗುತ್ತಿದ್ದರೂ. ಕರಗಿದ್ದು ಸುಖದಿಂದ ಎಂಬುದನ್ನು ಈಗ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಎಲ್ಲ ತಿಳಿದೂ ಒಂದು ಮಗುವಿನ ಕರುಣೆಯನ್ನು ದಿನಾ ಉಂಡದ್ದು.

ಆಮೇಲೆ ಎರಡು ವಾರದ ಹಿಂದಿನ ಆ ಶನಿವಾರ ಸಂಜೆ, ಔಷಧಿ ಅಂಗಡಿ. ರಕ್ತದೊತ್ತಡದ ಮಾತ್ರೆಯನ್ನು ಅಂಗಡಿಯವನು ಎರಡನೇ ಸಲವೂ ತಪ್ಪು ಕೊಟ್ಟಿದ್ದ, ಐದರ ಬದಲು ಹತ್ತರದ್ದು. ಕೇಳಿದರೆ, ಅರ್ಧ ಮುರಿದು ನುಂಗಿ ಅಜ್ಜಿ, ಎಂದ. ಆ ‘ಅಜ್ಜಿ’ಗೋ ಆ ‘ಅರ್ಧ’ಕ್ಕೋ ಸಿಟ್ಟು ನೆತ್ತಿಗೇರಿ ಅವಳು ಪೇಟೆಮಾತಿನಲ್ಲಿ ಅವನ ನೀರಿಳಿಸಿದಳು. ನಡುವೆ ಒಂದೆರಡು ಬೀದಿಯ ಶಬ್ದವೂ ಬಂದವು. ಚಿಕ್ಕಂದಿನ ಆ ದಿನಸಿ ಅಂಗಡಿಯವನಿಂದ ಕಲಿತವು, ಇಷ್ಟು ವರ್ಷ ಎಲ್ಲಿ ಅಡಗಿದ್ದವೋ. ಗೆದ್ದ ಮುಖದಿಂದ ತಿರುಗಿದರೆ ಹಿಂದೆ ಸಾಸಿವೆ. ಅಪ್ಪ ಆಚೆ ಕಪಾಟಿನ ಹತ್ತಿರ ಕೆಮ್ಮಿನ ಔಷಧಿಯ ಚೀಟಿ ಓದುತ್ತಿದ್ದ, ಅವನಿಗೆ ಏನೂ ಗೊತ್ತಿಲ್ಲ. ಸಾಸಿವೆ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಕಣ್ಣಲ್ಲಿ ಇನ್ನೂ ಸಿಟ್ಟಿರಲಿಲ್ಲ, ಬೆರಗು ಮಾತ್ರ, ಸಂತೋಷವೂ ಇತ್ತೇನೋ. ಪೇಟೆಮಾತಿನಲ್ಲೇ ಮೆಲ್ಲಗೆ ಕೇಳಿದಳು: ‘ನಿಮಗೆ ಬರತ್ತಾ?’

ಹೌದು ಎಂದರೆ ಮುಗಿಯುತ್ತಿತ್ತು. ಹ್ಞೂಂ ಪುಟ್ಟಾ, ಶಾಲೆಯಲ್ಲಿ ಆಟ ಅದು, ಎಂದಿದ್ದರೆ ಸಾಕಿತ್ತು. ಆದರೆ ಹನ್ನೊಂದು ವರ್ಷದ ಅಭ್ಯಾಸ, ಅವಳು ಯೋಚಿಸುವ ಮೊದಲೇ ಹುಬ್ಬು ಮೇಲಕ್ಕೆ ಹೋಯಿತು. ಮಾತ್ರೆಯ ಪೊಟ್ಟಣ ಹಿಡಿದ ಕೈ, ಖಾಲಿ ಕೈ, ಎರಡೂ ಅಂಗೈ ಮೇಲಾದವು. ಕುತ್ತಿಗೆ ಓರೆಯಾಯಿತು. ‘ತಿಳೀಲಿಲ್ವಲ್ಲ ಕಂದಾ.’ ಔಷಧಿ ಅಂಗಡಿಯವನು ಪಕಪಕ ನಕ್ಕುಬಿಟ್ಟ. ಸಾಸಿವೆಯ ಬಾಯಿ ಮುಚ್ಚಿಕೊಂಡಿತು. ಆಗ ಮುಚ್ಚಿಕೊಂಡದ್ದೇ.

ಅಂಟಿನ ಪಾತ್ರೆಯ ಮೇಲೆ ಕೆನೆ ಕಟ್ಟುತ್ತಿತ್ತು. ಹಳದಕ್ಕನಿಗೆ ಮಕ್ಕಳನ್ನು ನೋಡಿಕೊಳ್ಳಲು ಕಣ್ಸನ್ನೆ ಮಾಡಿ ಅವಳು ಮುಖ್ಯಸ್ಥೆಯ ಕೋಣೆಗೆ ಹೋದಳು. ಮುಖ್ಯಸ್ಥೆ ಕೆಟ್ಟವರಲ್ಲ. ಯಾರಿಗೆ ಮಂಡಿನೋವು ಎಂದು ನೆನಪಿಟ್ಟುಕೊಂಡು ಅವರಿಗೆ ಕೆಳಗಿನ ಮಹಡಿಯ ತರಗತಿ ಕೊಡುವವರು. ಮೇಜಿನ ಮೇಲೆ ಸಾಸಿವೆಯ ಫಾರಂ ತಯಾರಾಗಿಯೇ ಇತ್ತು. ‘ಮಗು ಮಾತು ನಿಲ್ಲಿಸಲು ಗಮನಿಸಿದ ಕಾರಣ’ ಎಂಬುದರ ಕೆಳಗೆ ನಾಲ್ಕು ಚೌಕ: ಶ್ರವಣ ತೊಂದರೆ, ಎರಡು ಭಾಷೆಯ ಗೊಂದಲ, ಮನೆಯ ವಾತಾವರಣ, ಇತರೆ. ಎರಡನೆಯ ಚೌಕದಲ್ಲಿ ಪೆನ್ಸಿಲಿನ ಸಣ್ಣ ಚುಕ್ಕೆ, ಇಲ್ಲಿ ಗುರುತು ಹಾಕಿ ಎನ್ನುವಂತೆ. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಔಷಧಿ ಅಂಗಡಿಯ ಬೀದಿಮಾತನ್ನೂ ಬಿಡದೆ. ಹೇಳುತ್ತಾ ಹೋದಂತೆ ಅದು ಚಿಕ್ಕದಾಗುತ್ತಾ ಹೋಯಿತು. ಕಿವಿಯ ಬಳಿಯ ಬಿಸಿ ಉಸಿರನ್ನು ಮುಖ್ಯಸ್ಥೆಯ ಕೋಣೆಯಲ್ಲಿ ಹೇಳುವುದು ಹೇಗೆ? ಮುಖ್ಯಸ್ಥೆ ಕನ್ನಡಕ ತೆಗೆದು ನಕ್ಕರು.

‘ಕೂತ್ಕೊಳ್ಳಿ ಟೀಚರ್. ನಿಮ್ಮ ಮನಸ್ಸು ಮೃದು, ಅದಕ್ಕೇ ಹಿಂಗೆಲ್ಲ ಅನ್ಸತ್ತೆ. ಐದು ವರ್ಷದ ಮಗು ಅಷ್ಟೆಲ್ಲ ಯೋಚಿಸತ್ತಾ?’

‘ಯೋಚಿಸತ್ತೆ ಮೇಡಂ. ನಾನು ಏಳು ವರ್ಷಕ್ಕೆ ಯೋಚಿಸ್ತಿದ್ದೆ.’

‘ಡಾಕ್ಟರು ಹೇಳಿದಾರಲ್ಲ.’

‘ಡಾಕ್ಟರಿಗೆ ನಾನು ಹೇಳಿಲ್ವಲ್ಲ.’

‘ಸರಿ, ಈಗ ಫಾರಂನಲ್ಲಿ ಏನಂತ ಬರೆಯೋಣ? ಟೀಚರ್ ಮಾತ್ರೆ ತಗೊಳ್ಳೋಕೆ ಹೋಗಿದ್ರು ಅಂತಲಾ?’ ಎಂದು ಪ್ರೀತಿಯಿಂದಲೇ ಕೇಳಿ, ಮುಖ್ಯಸ್ಥೆ ಫಾರಂ ಅನ್ನು ಅವಳತ್ತ ಸರಿಸಿದರು. ‘ನಿಯಮ ಮಾಡಿದ್ದು ನೀವಲ್ಲ. ತಪ್ಪನ್ನ ತಲೆ ಮೇಲೆ ಎಳ್ಕೋಬೇಡಿ. ಊಟದೊಳಗೆ ಸಹಿ ಮಾಡಿ ಕೊಡಿ, ಅಪ್ಪ ಬಂದುಬಿಡ್ತಾರೆ.’

ಬೈದಿದ್ದರೆ ಹಗುರಾಗುತ್ತಿತ್ತು. ಕಲ್ಲು ಎತ್ತಿ ಹಾಕುತ್ತಾರೆಂದು ತಲೆ ಕೊಟ್ಟು ನಿಂತವಳಿಗೆ ದಿಂಬು ಕೊಟ್ಟ ಹಾಗೆ. ಕಾರಿಡಾರಿನಲ್ಲಿ ಹಳದಕ್ಕ ಎದುರಾದಳು, ಮೂತ್ರಕ್ಕೆ ಹೊರಟ ಇಬ್ಬರು ಮಕ್ಕಳ ಕೈ ಹಿಡಿದುಕೊಂಡು. ಮಕ್ಕಳಿದ್ದಾರಲ್ಲ, ಪೇಟೆಮಾತಿನಲ್ಲಿ ಕೇಳಿದಳು: ಏನಂದರು? ಇವಳು ಮನೆಮಾತಿನಲ್ಲಿ ಹೇಳಿದಳು: ಏನೂ ಇಲ್ಲ. ಮೂರು ವರ್ಷದಿಂದ ಇಬ್ಬರೂ ಹೀಗೇ, ಎತ್ತು ಏರಿಗೆ ಕೋಣ ನೀರಿಗೆ, ಆದರೂ ಗಾಡಿ ಸಾಗಿತ್ತು. ಹಳದಕ್ಕ ಒಂದು ಗಳಿಗೆ ನಿಂತು ಇವಳ ಏಪ್ರನ್ನಿನ ಬಿಚ್ಚಿಹೋದ ಗಂಟನ್ನು ಹಿಂದಿನಿಂದ ಕಟ್ಟಿ, ಬೆನ್ನಿಗೆ ಒಮ್ಮೆ ಅಂಗೈ ಒತ್ತಿ ಮುಂದೆ ಹೋದಳು.

ಅಮ್ಮನಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲವೇ? ಮುಪ್ಪಿನಲ್ಲಿ ಟೀವಿಯ ಮುಂದೆ ಕೂತು ಪೇಟೆಮಾತಿನ ನಾಟಕವೊಂದನ್ನು ನೋಡುತ್ತಿದ್ದಾಗ, ಯಾರೂ ಅರ್ಥ ಹೇಳುವ ಮೊದಲೇ ಅಮ್ಮ ಒಂದು ಮಾತಿಗೆ ನಕ್ಕಿದ್ದಳು. ಇವಳು ತಿರುಗಿ ನೋಡುವಷ್ಟರಲ್ಲಿ ಸೆರಗು ಬಾಯಿಗೆ ಹೋಗಿತ್ತು. ಕೇಳಬೇಕೆಂದುಕೊಂಡಳು, ಕೇಳಿದರೆ, ತಕ್ಕಡಿಯ ಮುಂದೆ ನಿಂತ ಆ ಏಳು ವರ್ಷದವಳ ಗತಿ ಏನು? ಕೇಳಲಿಲ್ಲ. ಅಮ್ಮ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಹಾಗಾದರೆ ಬಿಟ್ಟುಕೊಡದಿರುವುದೇ ಸರಿಯೇ? ಆದರೆ ಅಮ್ಮನನ್ನು ಇವಳು ಔಷಧಿ ಅಂಗಡಿಯಲ್ಲಿ ಹಿಡಿದಿರಲಿಲ್ಲ. ಹಿಡಿದು, ಅಮ್ಮಾ ನಿನಗೆ ಬರತ್ತಾ, ಎಂದು ಕೇಳಿದ್ದರೆ ಅಮ್ಮ ಅಂಗೈ ಮೇಲೆ ಮಾಡುತ್ತಿದ್ದಳೇ? ಇಲ್ಲ. ಅಮ್ಮ ಒಂದು ಬೈಗುಳ ಸೇರಿಸಿ ಹೌದು ಎನ್ನುತ್ತಿದ್ದಳು. ಅದು ಹೊಳೆದ ಕೂಡಲೇ ಅವಳಿಗೆ ತನ್ನ ಮೇಲೆ ಬೇಸರ ಉಕ್ಕಿ ಬಂತು.

ತರಗತಿಗೆ ಬಂದವಳು ಕುರ್ಚಿಯನ್ನೂ ಎಳೆದುಕೊಳ್ಳದೆ ಸಾಸಿವೆಯ ಮೇಜಿನ ಪಕ್ಕ ನೆಲಕ್ಕೆ ಮಂಡಿಯೂರಿದಳು. ಮಂಡಿ ಲಟಕ್ಕೆಂದಿತು, ಎದುರಿನ ಹುಡುಗ, ಹಲ್ಲಿಲ್ಲದ ಡುಬ್ಬ, ಕಿಸಕ್ಕನೆ ನಕ್ಕ. ಅವಳು ಪೇಟೆಮಾತಿನಲ್ಲಿ ಶುರುಮಾಡಿದಳು. ಈ ಕೋಣೆಯ ಗೋಡೆಗಳು ಆ ದನಿಯಲ್ಲಿ ಆ ಮಾತನ್ನು ಕೇಳಿರಲಿಲ್ಲ, ಅವಳಿಗೂ ಅದು ಯಾರದೋ ದನಿಯಂತೆ ಕೇಳಿತು.

‘ಸಾಸಿವೆ, ನಂಗೆ ಪೇಟೆಮಾತು ಬರತ್ತೆ. ಮೊದಲಿಂದ್ಲೂ ಬರತ್ತೆ. ನೀನು ಹೇಳಿಕೊಟ್ಟಿದ್ದೆಲ್ಲ ನಂಗೆ ಮೊದಲೇ ತಿಳಿದಿತ್ತು. ಆವತ್ತು ಅಂಗಡೀಲಿ ನೀನು ಕೇಳಿದಾಗ ಬರಲ್ಲ ಅಂತ ಮುಖ ಮಾಡಿದೆ. ಅದು ಸುಳ್ಳು. ತಪ್ಪಾಯ್ತು.’

ಡುಬ್ಬ ಮೊದಲು ಕಿರುಚಿದ: ‘ಹಸಿರಜ್ಜಿ ಹಳದಿ ಆಗೋದ್ರು!’ ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದಂತೆ. ‘ಆನೆಗೆ ಏನಂತಾರೆ ಹೇಳಿ?’ ಹೇಳಿದಳು. ‘ಮೊಣಕೈಗೆ?’ ಹೇಳಿದಳು. ‘ನಾಡಿದ್ದಿಗೆ?’ ಅದನ್ನೂ ಹೇಳಿದಳು. ಎರಡು ಜಡೆಯ ಹುಡುಗಿಯೊಬ್ಬಳು ಬೆರಳು ತೋರಿಸಿ, ‘ಸುಳ್ಳು ಹೇಳಿದ್ರೆ ಮೂಲೇಲಿ ನಿಲ್ಬೇಕು ಅಂತ ನೀವೇ ಹೇಳಿದ್ರಲ್ಲ?’ ಎಂದಳು. ಡುಬ್ಬನ ಮುಖ ಮೆಲ್ಲಗೆ ಬಿಳಚಿಕೊಂಡಿತು.

‘ಹಾಗಾದ್ರೆ, ನಾನು ನಿಮ್ಮನ್ನ ಡುಮ್ಮಿ ಅಂದಿದ್ದು…’

‘ತಿಳೀತು.’

‘ಮೂರು ಸಲಾನೂ?’

‘ಐದು ಸಲ.’

ನಗು ಎದ್ದಿತು. ಅವಳೂ ನಕ್ಕಳು, ನಕ್ಕು ಆಸೆಯಿಂದ ಸಾಸಿವೆಯ ಕಡೆ ತಿರುಗಿದಳು. ಸಾಸಿವೆ ಮೀನಿನ ಬಾಲಕ್ಕೆ ಒಂದು ಕೆಂಪು ಚೂರನ್ನು ಒತ್ತುತ್ತಿದ್ದಳು. ಒತ್ತಿ, ಮೇಲೆ ಉಳಿದ ಅಂಟನ್ನು ಅಂಗಿಗೆ ಒರೆಸಿಕೊಂಡಳು. ಅಷ್ಟೇ. ಇನ್ನೊಂದು ಚೂರು ಹರಿದಳು. ನೆಲದ ಮೇಲೆ ಮಂಡಿಯೂರಿ ಕೂತವಳಿಗೆ ತಾನು ಏನನ್ನು ಕಾಯುತ್ತಿದ್ದೇನೆ ಎಂಬುದು ಆಗ ತಿಳಿಯಿತು: ಕ್ಷಮೆಯನ್ನೂ ಈ ಮಗುವೇ ಈಗಿಂದೀಗಲೇ ಬಡಿಸಬೇಕೆಂದು. ನಾಚಿಕೆಯಾಯಿತು. ಏಳಲು ಮೇಜು ಹಿಡಿದರೆ ಕೈ ಅಂಟಿನಲ್ಲಿ ಜಾರಿತು. ಬಾಗಿಲ ಗಾಜಿನ ಆಚೆ ಮುಖ್ಯಸ್ಥೆ ನಿಂತಿದ್ದರು. ಈ ಸಲ ಮುಖದಲ್ಲಿ ನಗುವಿರಲಿಲ್ಲ. ಒಳಗೆ ಬರಲಿಲ್ಲ, ಬಂದಿದ್ದರೆ ಏನಾದರೂ ಹೇಳಬಹುದಿತ್ತು, ನೋಡಿ, ಹೊರಟುಹೋದರು. ಹನ್ನೊಂದು ವರ್ಷದ ಪಾಠ ಐದು ನಿಮಿಷದಲ್ಲಿ ಹೊಳೆಗೆ ಹೋಗಿತ್ತು, ಹೋದದ್ದಕ್ಕೆ ಬಂದದ್ದೇನೂ ಇರಲಿಲ್ಲ.

ಊಟದ ಗಂಟೆ ಹೊಡೆಯಿತು. ತರಕಾರಿ ಅನ್ನದ ದೊಡ್ಡ ಪಾತ್ರೆ ಗಾಲಿಯ ಮೇಜಿನ ಮೇಲೆ ಬಂತು. ಕ್ಯಾರೆಟ್ಟು, ಹುರುಳಿಕಾಯಿ, ಕಣ್ಣು ಬಿಟ್ಟಂತೆ ಬಟಾಣಿ. ಮಕ್ಕಳು ಕೈ ತೊಳೆದು ಸಾಲು ಹಿಡಿದರು, ಸಾಲಿನುದ್ದಕ್ಕೂ ಒಂದೇ ಸುದ್ದಿ. ‘ನಿಮಗೆ ಗೊತ್ತಿತ್ತಾ, ಹಸಿರಜ್ಜಿಗೆ ಬರತ್ತೆ!’ ಎಂದು ಡುಬ್ಬ ಅಡುಗೆಯವಳಿಗೆ ವರದಿ ಒಪ್ಪಿಸಿದ. ಅಡುಗೆಯವಳು ಇವಳತ್ತ ಒಂದು ನೋಟ ಎಸೆದು, ‘ಹೌದಾ? ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲಪ್ಪ’ ಎಂದಳು. ಸಾಸಿವೆ ತಟ್ಟೆ ಹಿಡಿದು ಅನ್ನ ಹಾಕಿಸಿಕೊಂಡಳು, ಬಾಯಿ ಬಿಡಲಿಲ್ಲ. ಎಲ್ಲರೂ ಮೇಜಿಗೆ ಹೋದರೆ ಅವಳು ಕೋಟು ನೇತುಹಾಕುವ ಗೂಟಗಳ ಕೆಳಗೆ, ಗೋಡೆಯ ಕಡೆ ಮುಖ ಮಾಡಿ ಕೂತಳು. ತಟ್ಟೆ ತೊಡೆಯ ಮೇಲೆ, ಕೋಣೆಗೆ ಬೆನ್ನು. ನನ್ನ ಮುಖ ನೋಡುತ್ತಾ ಉಣ್ಣಲೂ ಅವಳಿಗಾಗದು, ಎಂದುಕೊಂಡಳು ಇವಳು. ಪುಟ್ಟ ಭುಜದ ಮೂಳೆಗಳು ಅಂಗಿಯೊಳಗೆ ಮೆಲ್ಲಗೆ ಅಲುಗುತ್ತಿದ್ದವು. ಉಣ್ಣುತ್ತಿದ್ದಾಳಲ್ಲ, ಅಷ್ಟಾದರೂ ಸಾಕು.

ಇವಳು ತಟ್ಟೆ ತೆಗೆದುಕೊಳ್ಳಲಿಲ್ಲ. ಮೂಲೆಯ ಪುಟ್ಟ ಕುರ್ಚಿಯಲ್ಲಿ ಕೂತು ಮಂಡಿಯ ಮೇಲೆ ಫಾರಂ ಇಟ್ಟುಕೊಂಡಳು. ಬೆರಳಿನ ಅಂಟು ಕಾಗದಕ್ಕೆ ಹತ್ತಿ ಒಂದು ತುದಿ ಕೊಳೆಯಾಯಿತು. ರಬ್ಬರಿನಿಂದ ಎರಡನೆಯ ಚೌಕದ ಪೆನ್ಸಿಲ್ ಚುಕ್ಕೆಯನ್ನು ಅಳಿಸಿ, ‘ಇತರೆ’ಯಲ್ಲಿ ಗುರುತು ಹಾಕಿದಳು. ಅದರ ಮುಂದೆ ಎರಡು ಬೆರಳಗಲದ ಜಾಗ. ಅಷ್ಟರಲ್ಲಿ ಏನು ಬರೆಯುವುದು? ಬರೆದಳು: ‘ಮಗುವಿಗೆ ನಾನು ಸುಳ್ಳು ಹೇಳಿದೆ. ಭಾಷೆಯ ತಪ್ಪಲ್ಲ. ಅಜ್ಜಿಯನ್ನು ಕಳಿಸಬೇಡಿ.’ ಕೊನೆಯ ಶಬ್ದ ಅಂಚು ದಾಟಿ ಮಡಚಿಕೊಂಡಿತು. ಸಹಿ ಹಾಕಿದಳು. ಅಪ್ಪ ಇದನ್ನು ಓದುತ್ತಾನೆ. ನಂಬುತ್ತಾನೋ, ಡಾಕ್ಟರನ್ನೇ ನಂಬುತ್ತಾನೋ. ಮುಖ್ಯಸ್ಥೆ ಸೋಮವಾರದಿಂದ ಈ ಏಪ್ರನ್ ಯಾರಿಗೆ ಕಟ್ಟುತ್ತಾರೋ. ಯಾವುದೂ ಅವಳ ಕೈಯಲ್ಲಿರಲಿಲ್ಲ, ಕೈಯಲ್ಲಿದ್ದದ್ದು ಒಣಗಿ ಬಿರಿಯುತ್ತಿದ್ದ ಅಂಟು ಮಾತ್ರ. ಅದನ್ನು ಉಗುರಿನಿಂದ ಸುಲಿಯುತ್ತಾ ಕೂತಳು, ಚಿಕ್ಕಂದಿನಲ್ಲಿ ಅಮ್ಮನ ಪಕ್ಕ ಕೂತು ಸುಲಿಯುತ್ತಿದ್ದಂತೆ.

ಮೇಜುಗಳ ಮೇಲೆ ಚಮಚದ ಸದ್ದು ಕಮ್ಮಿಯಾಗುತ್ತಾ ಬಂತು. ಎದುರಿಗೆ ಯಾರೋ ನಿಂತಂತಾಗಿ ತಲೆ ಎತ್ತಿದರೆ ಸಾಸಿವೆ. ಎರಡೂ ಕೈಯಲ್ಲಿ ಹಿಡಿದ ತಟ್ಟೆಯಲ್ಲಿ ಅನ್ನ ಆರಿಹೋಗಿತ್ತು, ಒಂದು ತುತ್ತೂ ಉಂಡ ಗುರುತಿರಲಿಲ್ಲ. ಅನ್ನದ ತುಂಬ ಸಣ್ಣ ಸಣ್ಣ ಗುಳಿಗಳು. ಎಲ್ಲಿಂದ ಏನನ್ನು ಕಿತ್ತದ್ದು ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಗೂಟಗಳ ಕೆಳಗೆ, ನೆಲದ ಮೇಲಿನ ಕರವಸ್ತ್ರದಲ್ಲಿ ಬಟಾಣಿಯ ಪುಟ್ಟ ಗುಡ್ಡೆ ಇತ್ತು. ಸಾಸಿವೆಯ ತುಟಿ ಬಿಗಿದೇ ಇತ್ತು. ಕಣ್ಣು ಇವಳ ಮುಖದ ಮೇಲೆ ನೆಟ್ಟಿತ್ತು, ಹುಬ್ಬು ಮೇಲೆ ಹೋಗುತ್ತದೋ ಎಂದು ಕಾವಲು ಕಾಯುವಂತೆ. ಇವಳು ಹುಬ್ಬನ್ನು ಇದ್ದಲ್ಲೇ ಬಿಟ್ಟಳು. ಫಾರಂ ಜಾರಿ ಕೆಳಗೆ ಬಿತ್ತು. ಸಾಸಿವೆ ಅದನ್ನು ದಾಟಿ ಒಂದು ಹೆಜ್ಜೆ ಮುಂದೆ ಬಂದು, ತಟ್ಟೆಯನ್ನು ಅವಳ ಮಡಿಲಿನಲ್ಲಿ ಇಟ್ಟಳು.